ನಾನೂರ ಹದಿನೇಳನೆಯ ಫೋಟೋ

"ಫೋಟೋ ಕೊಟ್ಟು ಮೂರು ವಾರ ಆಯ್ತು. ಒಂದು ಫೋನೂ ಬಂದಿಲ್ವಲ್ಲ ಶಿಲ್ಪಾ?" ಅಪ್ಪ ಬೆಳಿಗ್ಗೆಯೇ ಶುರುಮಾಡಿದರು.

ಬರುವುದೆಲ್ಲಿಂದ? ಮ್ಯಾಟ್ರಿಮೊನಿ ವೆಬ್‌ಸೈಟಿನಲ್ಲಿ ನನ್ನ ಫೋಟೋ ಇದ್ದರಲ್ಲವೇ!

ಇದು ೨೦೦೩ರ ಮಾತು. ಜಯನಗರದಲ್ಲಿ ರೇವಣಸಿದ್ದಪ್ಪನವರ ವಧೂವರರ ಕೇಂದ್ರದಲ್ಲಿ ನನಗೆ ಕೆಲಸ. ಬಂದ ಫೋಟೋಗಳನ್ನು ಸ್ಕ್ಯಾನ್ ಮಾಡಿ, ನಂಬರ್ ಕೊಟ್ಟು, ಫೋಲ್ಡರಿಗೆ ಹಾಕುತ್ತಿದ್ದೆ. ಅಲ್ಲಿಂದ ಅವನ್ನು ವೆಬ್‌ಸೈಟಿಗೆ ಅಪ್‌ಲೋಡ್ ಮಾಡುವುದು ನಿಂಗರಾಜನ ಸ್ಕ್ರಿಪ್ಟ್, ಅಂದರೆ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ. ಅವನು ನಮ್ಮ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು, ಗದಗಿನಿಂದ ಬಂದು ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ. ನಾನು ಒಂದೊಂದೇ ಫೋಟೋ ಏರಿಸುತ್ತಾ ಒದ್ದಾಡುವುದನ್ನು ನೋಡಲಾರದೆ ಆ ಸ್ಕ್ರಿಪ್ಟ್ ಬರೆದಿದ್ದ. ಒಮ್ಮೆ ರನ್ ಮಾಡಿದರೆ ಫೋಲ್ಡರಿನಲ್ಲಿದ್ದದ್ದೆಲ್ಲ ತಾನಾಗಿ ಹೋಗುತ್ತಿತ್ತು. ನಾನೂರ ಹದಿನೇಳನೆಯ ನಂಬರಿನ ನನ್ನ ಫೋಟೋ ಮಾತ್ರ ಹೋಗುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಸ್ಕ್ರಿಪ್ಟನ್ನೇ ತೆರೆದೆ. ಪರ್ಲ್ ಗೊತ್ತಿಲ್ಲದಿದ್ದರೂ ನನ್ನ ನಂಬರ್ ಕಣ್ಣಿಗೆ ಬಿತ್ತು.

"ನಿಂಗರಾಜ್, ಇಲ್ಲಿ ಬನ್ನಿ. ಈ ಲೈನ್ ಏನು ಹೇಳುತ್ತೆ?"

ಬಗ್ಗಿ ನೋಡಿದ. ಕಿವಿ ಕೆಂಪಾದವು.

"ನಾನೂರಾ ಹದಿನೇಳು ಬಂದ್ರ ಬಿಟ್ಟು ಮುಂದ ಹೋಗು ಅಂತೈತ್ರಿ. ತಪ್ಪಾತು. ಈಗ ತಗದುಬಿಡ್ತೀನಿ."

"ತೆಗೀರಿ ಅಂದೆನಾ ನಾನು? ಯಾಕೆ ಅಂತ ಕೇಳ್ದೆ."

ನಾನು ನೋಡಿದಾಗಲೆಲ್ಲ ಕಿಟಕಿಗೆ ಓಡುತ್ತಿದ್ದ ಅವನ ಕಣ್ಣು ಅಂದು ನನ್ನ ಮುಖದ ಮೇಲೇ ನಿಂತಿತು.

"ನಿಮ್ಮ ಫೋಟೋ ಊರ ಮಂದಿಯೆಲ್ಲ ನೋಡೂದು ನನಗ ಸೇರಂಗಿಲ್ರಿ. ನಿಮ್ಮನ್ನ ನಾನಾ ಲಗ್ನ ಆಗ್ಬೇಕಂತ ಆಸೆ. ಒಲ್ಲೆ ಅನ್ರಿ, ಈಗಿಂದೀಗ ಅಪ್‌ಲೋಡ್ ಮಾಡ್ತೀನಿ."

ಎದೆ ಡವಡವ ಎನ್ನುತ್ತಿತ್ತು. ಖುಷಿಗೆ ಕುಣಿಯಬೇಕೆನಿಸಿತು. ಆದರೂ ಅಷ್ಟು ಸುಲಭವಾಗಿ ಬಿಟ್ಟುಕೊಡುವವಳೇ ನಾನು?

"ನಿಮ್ಮಮ್ಮ ಲಕ್ಕವ್ವನೋರು ಎರಡು ತಿಂಗಳ ಹಿಂದೆ ನಿಮ್ಮ ಫೋಟೋ ಕಳಿಸಿದ್ರಲ್ಲ. ಯಾರಾದ್ರೂ ಫೋನ್ ಮಾಡಿದ್ರಾ?"

"ಒಬ್ರೂ ಇಲ್ರಿ. ಯಾಕಂತ ನಾನೂ ನೋಡ್ಲಿಲ್ಲ. ಬರದಿದ್ದದ್ದು ಛಲೋನ ಆತು."

ನನ್ನ ಡ್ರಾಯರಿನ ಬೀಗ ತೆಗೆದು ಒಂದು ಕವರನ್ನು ಮೇಜಿನ ಮೇಲಿಟ್ಟೆ. ಗದಗಿನ ಅಂಚೆ ಮುದ್ರೆ, ಒಳಗೆ ಅವನ ಫೋಟೋ. ಅದು ಸ್ಕ್ಯಾನರಿನ ಮುಖವನ್ನೇ ಕಂಡಿರಲಿಲ್ಲ.

"ನನಗೆ ಪರ್ಲ್ ಬರಲ್ಲ," ಎಂದೆ. "ಬೀಗ ಹಾಕೋಕೆ ಬರುತ್ತೆ."

ಕವರನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ಆಮೇಲೆ ಅವನು ನಕ್ಕ ನಗುವಿಗೆ ನಾನೂ ಸೋತೆ.

"ನಾಳೆ ಭಾನುವಾರ, ನಮ್ಮಪ್ಪ ಮನೇಲೇ ಇರ್ತಾರೆ. ತ್ಯಾಗರಾಜನಗರ. ಈ ಫೋಟೋನ ನೀವೇ ಅವರ ಕೈಗೆ ಕೊಡಿ."

"ಮುಂಜಾನೇನ ಬರ್ತೀನ್ರಿ!"

ಒಳಕೋಣೆಯಿಂದ ರೇವಣಸಿದ್ದಪ್ಪನವರು ಕೂಗಿದರು. "ಏನಮ್ಮಾ, ಫೋಟೋ ಎಲ್ಲಾ ಹೋಯ್ತಾ?"

"ಎರಡು ಬಿಟ್ಟು ಎಲ್ಲಾ ಹೋಯ್ತು, ಸಾರ್."