ನೀರಿಗೆ ಹೋದವನ ಮುಖ

ಸರಕು ಹಡಗು ಮುಳುಗಿದ ಸುದ್ದಿ ಹೊತ್ತು ಕಂಪನಿಯ ಗುಮಾಸ್ತ ಬಾಗಿಲಿಗೆ ಬಂದಾಗ ಮನೆಯಲ್ಲಿ ಮೇಣ ಕಾಯುತ್ತಿತ್ತು. ಆ ಮನೆಯ ಸೊಸೆ ಚಿತ್ರ ಬರೆಯುವವಳು. ಜೇನುಮೇಣವನ್ನು ಕರಗಿಸಿ, ಬಣ್ಣ ಕಲಸಿ, ಮರದ ಹಲಗೆಯ ಮೇಲೆ ಪದರದ ಮೇಲೆ ಪದರ ಬಳಿಯುತ್ತಿದ್ದಳು. ನಡುನಡುವೆ ಹಳೆಯ ಕಾಗದ, ಬಟ್ಟೆಯ ಚೂರು, ನೂಲು, ಫೋಟೊ ಇವನ್ನು ಹುದುಗಿಸುತ್ತಿದ್ದಳು. ಓಣಿಯವರು ಅವಳನ್ನು ಮೇಣದಮ್ಮ ಎಂದೇ ಕರೆಯುತ್ತಿದ್ದರು. ಗುಮಾಸ್ತನ ಮಾತು ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಮೇಣ ಸೀದು, ಅದರ ಹೊಗೆ ಮನೆಯನ್ನೆಲ್ಲ ತುಂಬಿತು. ಯಾರೂ ಎದ್ದು ಒಲೆ ಆರಿಸಲಿಲ್ಲ.

ಆ ಹಡಗಿನಲ್ಲಿ ಅವಳ ಗಂಡ ಇಂಜಿನ್ ಮಿಸ್ತ್ರಿಯಾಗಿದ್ದ. ಸಿಕ್ಕ ಹೆಣಗಳಲ್ಲಿ ಅವನದಿರಲಿಲ್ಲ.

"ಸಿಕ್ಕಿಲ್ಲ ಅಂದ್ರೆ ಸತ್ತ ಅಂತ ಅಲ್ವಲ್ಲಪ್ಪಾ," ಎಂದಳು ಅವಳ ಅತ್ತೆ.

ಗುಮಾಸ್ತ ಕೈಯಲ್ಲಿದ್ದ ಟೋಪಿಯ ಅಂಚನ್ನು ತಿರುವುತ್ತ, "ಆ ನೀರಲ್ಲಿ ಬಿದ್ದೋರು ಉಳಿಯಲ್ಲ ತಾಯಿ," ಎಂದ.

ಅತ್ತೆ ಎದ್ದು ಒಳಗೆ ಹೋಗಿ ದೇವರ ಮುಂದೆ ಕುಳಿತಳು. ಅಂದಿನಿಂದ ಅವಳು ಮಗನಿಗಾಗಿ ಬೇಡಿಕೊಂಡಳೇ ಹೊರತು ಅಳಲಿಲ್ಲ. ಸೊಸೆ ಅತ್ತಳು. ಅತ್ತು ಮುಗಿದ ಮೇಲೆ ಗಂಡನ ಚಿತ್ರಗಳನ್ನು ಮಾಡತೊಡಗಿದಳು.

ಎಷ್ಟೋ ವರ್ಷಗಳಿಂದ ಅವಳ ಚಿತ್ರಗಳು ಪ್ರದರ್ಶನಕ್ಕೆ ಹೋದ ಕಟ್ಟಿನಲ್ಲೇ ಮಾರಾಟವಾಗದೆ ಮನೆಗೆ ಮರಳುತ್ತಿದ್ದವು. ಈ ಸಲ ಗ್ಯಾಲರಿಯ ಯಜಮಾನ ತಾನೇ ಮನೆಗೆ ಬಂದ. ಒಂದೊಂದು ಹಲಗೆಯ ಮುಂದೆಯೂ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದ: "ಇದನ್ನ ಬಿಡಬೇಡಿ. ನೀರಿಗೆ ಹೋದ ಗಂಡ, ಬೆಂಕಿ ಹಿಡಿದ ಹೆಂಡತಿ! ಜನ ನಿಂತು ನೋಡ್ತಾರೆ. ಒಂದು ದೊಡ್ಡ ಮುಖ ಬೇಕು. ಗೋಡೆ ತುಂಬ ಅವರೊಬ್ಬರೇ ಇರ್ಬೇಕು."

ಆ ದೊಡ್ಡ ಮುಖ ಅವಳ ಕೈಗೆ ಬಗ್ಗಲಿಲ್ಲ. ಫೋಟೊದ ಮೇಲೆ ಮೇಣದ ಪದರ ಬಿದ್ದಷ್ಟೂ ಮುಖ ದೂರವಾಗುತ್ತಿತ್ತು, ಚರ್ಮವಾಗುತ್ತಿರಲಿಲ್ಲ. ಗಂಡನ ಹಳೆಯ ಅಂಗಿಗಾಗಿ ಅತ್ತೆಯ ತಗಡಿನ ಪೆಟ್ಟಿಗೆಯನ್ನು ತಡಕಿದಾಗ ತಳದಲ್ಲಿ ಕರಿಯ ಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ ಒದ್ದೆ ಉಪ್ಪು, ಉಪ್ಪಿನ ನಡುವೆ ಮೇಣದ ಮುದ್ದೆ. ಹಳೆಯ ಜೇನಿನ ಬಣ್ಣ. ಬೆರಳಿಟ್ಟರೆ ಕೆನ್ನೆಯಂತೆ ಒಳಕ್ಕೆ ಹೋಗಿ ಮೆಲ್ಲನೆ ಮೇಲೆದ್ದಿತು. ಮೂಸಿದಳು. ಜೇನಿನ ವಾಸನೆ ಇರಲಿಲ್ಲ. ನಿದ್ದೆಯಿಂದ ಎದ್ದವನ ಕುತ್ತಿಗೆಯ ವಾಸನೆ ಇತ್ತು.

"ಅದನ್ನ ಅಲ್ಲೇ ಇಡು," ಎಂದಳು ಬಾಗಿಲಲ್ಲಿ ನಿಂತ ಅತ್ತೆ.

"ಏನತ್ತೆ ಇದು? ಇಷ್ಟು ಚೆಂದದ್ದನ್ನ ಉಪ್ಪಿನಕಾಯಿ ಹಾಕಿಟ್ಟಿದ್ದೀರಲ್ಲ!"

"ನಮ್ಮಣ್ಣಂದು. ಅವನು ಮಾಟ ಮಾಡ್ತಿದ್ದ. ಇದು ಅವನ ಕೈಯಲ್ಲಿದ್ದದ್ದು." ಅತ್ತೆ ಗೋಡೆಗೆ ಒರಗಿದಳು. "ಪಕ್ಕದ ಮನೆ ಗಾಡಿಯವನಿಗೂ ಅವನಿಗೂ ಜಗಳ. ಆ ಮನುಷ್ಯನ ಕೂದಲನ್ನ ಇದರಲ್ಲಿ ಅದುಮಿ ದೀಪದ ಹತ್ತಿರ ಹಿಡಿದ. ಗೋಡೆಯಾಚೆ ಅವನು ಉರಿ ಉರಿ ಅಂತ ಕಿರುಚ್ದ. ಅಣ್ಣ ದೂರ ತಗೊಂಡ್ರೆ ಸುಮ್ಮನಾಗೋನು. ಮತ್ತೆ ಹತ್ತಿರ, ಮತ್ತೆ ದೂರ. ಒಂದು ಕೈಯಲ್ಲಿ ಊಟ ಮಾಡ್ತಾ ಇನ್ನೊಂದು ಕೈಯಲ್ಲಿ ಆಟ ಆಡ್ತಿದ್ದ. ನಾನು ಬಡಿಸ್ತಿದ್ದೆ."

"ಎಸೀಬೇಕಿತ್ತಪ್ಪ."

"ಎಸೆದ್ರೆ ಇನ್ನೊಬ್ಬರ ಕೈಗೆ ಸಿಗತ್ತೆ. ನನ್ನ ಕಣ್ಣೆದುರಿಗೇ ಇರ್ಲಿ ಅಂತ ಇಟ್ಕೊಂಡೆ."

ಸೊಸೆ ನಕ್ಕಳು. "ಮೇಣ, ಕೂದಲು, ಬಟ್ಟೆ ಚೂರು. ಹಾಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಮಾಟಾನೇ ಅತ್ತೆ! ತಟ್ಟೋದಾಗಿದ್ರೆ ಮೊದಲು ಪೇಪರಿನಲ್ಲಿ ನನ್ನ ಚಿತ್ರಗಳನ್ನ ಹೀಗಳೆದು ಬರೆದನಲ್ಲ, ಅವನಿಗೆ ತಟ್ಟಬೇಕಿತ್ತು."

"ನಗಬೇಡ್ವೇ. ಬದುಕಿರೋರ ಕೂದಲು ಅದಕ್ಕೆ ಸೋಕಬಾರದು."

"ನಿಮ್ಮ ಮಗ ಬದುಕಿದ್ದಾನಾ?"

ಆಡಿದ ಮಾತು, ಒಡೆದ ಮುತ್ತು. ಅತ್ತೆಯ ಮುಖ ಬಿಳುಚಿತು. "ಹೆಣ ನೋಡೋ ತನಕ ನನಗೆ ಅವನು ಬದುಕಿರೋನೇ," ಎಂದು ಹೇಳಿ ದೇವರ ಕೋಣೆಗೆ ಹೋದಳು. ಅವಳು ಕಣ್ಣು ಮುಚ್ಚಿದ್ದಾಗ ಸೊಸೆ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ತನ್ನ ಕೆಲಸದ ಕೋಣೆಗೆ ಒಯ್ದಳು.

ಗಂಡನ ಬಾಚಣಿಗೆಯಲ್ಲಿ ಸಿಕ್ಕಿಕೊಂಡಿದ್ದ ಕೂದಲನ್ನು ಬಿಡಿಸಿ ಫೋಟೊದ ಹಣೆಯ ಮೇಲೆ ಜೋಡಿಸಿದಳು. ಅಂಗಿಯ ಕಾಲರನ್ನು ಕತ್ತರಿಸಿ ಕೆಳಗೆ ಇಟ್ಟಳು. ಮೇಲೆ ಆ ಮೇಣವನ್ನು ಕರಗಿಸಿ ಬಳಿದಳು. ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ: ಬಳಿದ ಪ್ರತಿಯೊಂದು ಪದರಕ್ಕೂ ಗ್ಯಾಸ್ ಟಾರ್ಚಿನ ಬೆಂಕಿ ತೋರಿಸಿ ಕೆಳಗಿನ ಪದರದೊಡನೆ ಬೆಸೆಯಬೇಕು. ಇಲ್ಲದಿದ್ದರೆ ಅದು ಹಕ್ಕಳೆಯಂತೆ ಎದ್ದು ಬರುತ್ತದೆ. ಅವಳು ಬಳಿದಳು, ಬೆಂಕಿ ತೋರಿಸಿದಳು. ಮತ್ತೆ ಬಳಿದಳು, ಮತ್ತೆ ಬೆಂಕಿ ತೋರಿಸಿದಳು. ನೀಲಿ ನಾಲಿಗೆ ಸವರಿದಲ್ಲೆಲ್ಲ ಮೇಣ ಕಣ್ಣಿನಂತೆ ಹೊಳೆದು ಮಂಕಾಗುತ್ತಿತ್ತು.

ಮುಖ ಬಂತು. ಅವನೇ ಬಂದಂತೆ ಬಂತು.

ಕೂದಲು ಒಳಗೆ ಹುದುಗಿದ್ದರೂ ಕೋಣೆಯಲ್ಲಿ ಸುಟ್ಟ ಕೂದಲಿನ ವಾಸನೆ ನಿಂತಿತು. ಕಿಟಕಿ ತೆರೆದರೂ ಹೋಗಲಿಲ್ಲ. ಬೆಳಿಗ್ಗೆ ಕೈಯಿಟ್ಟರೆ ಇತರ ಹಲಗೆಗಳು ತಣ್ಣಗಿದ್ದವು, ಇದೊಂದು ಬೆಚ್ಚಗಿತ್ತು. ಮೇಲ್ತುಟಿಯ ಮೇಲೆ ಸಣ್ಣ ಸಣ್ಣ ಹನಿಗಳು. ಅವಳು ಬೆರಳಿನಿಂದ ಒರೆಸಿ ನಾಲಿಗೆಗೆ ಮುಟ್ಟಿಸಿದಳು. ಉಪ್ಪು. ಗಂಟಿನ ಉಪ್ಪೇ ಇರಬೇಕೆಂದು ಸಮಾಧಾನ ಮಾಡಿಕೊಂಡಳು.

ಪ್ರದರ್ಶನ ಹತ್ತಿರ ಬಂದಾಗ ಗುಮಾಸ್ತ ಮತ್ತೆ ಬಾಗಿಲಿಗೆ ಬಂದ. ಈ ಸಲ ಟೋಪಿ ತೆಗೆಯುವುದನ್ನೂ ಮರೆತಿದ್ದ. ಮೀನಿನ ದೋಣಿಯವರು ಎತ್ತಿ ತಂದ ಒಬ್ಬಾತ ದೂರದ ಬಂದರಿನ ಆಸ್ಪತ್ರೆಯಲ್ಲಿ ಹೆಸರಿಲ್ಲದೆ ಮಲಗಿದ್ದನಂತೆ. ಪ್ರಜ್ಞೆ ಬಂದೊಡನೆ ತಾಯಿಯ ಹೆಸರು ಹೇಳಿದನಂತೆ.

ಅತ್ತೆ ನೆಲಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ. ಎದ್ದವಳು, "ನಡಿಯೇ ಮಗಳೇ, ಹೊರಡು," ಎಂದಳು.

ಸೊಸೆಗೆ ಸಂತೋಷವಾಗಲಿಲ್ಲ ಎನ್ನಲಾಗದು. ಸಂತೋಷವಾಯಿತು, ನಿಜವಾಗಿಯೇ ಆಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಕಳ್ಳನಂತೆ ಒಳಗೆ ಬಂತು. ಊರ ಗೋಡೆಗಳ ಮೇಲಿನ ಪೋಸ್ಟರುಗಳಲ್ಲಿ ಅವಳ ಹೆಸರಿತ್ತು, ಹೆಸರಿನ ಕೆಳಗೆ 'ನೀರಿಗೆ ಹೋದವನು' ಎಂದಿತ್ತು. ಅವನು ಬದುಕಿದ್ದರೆ ಆ ಚಿತ್ರಗಳ ಮುಂದೆ ಯಾರು ನಿಲ್ಲುತ್ತಾರೆ?

"ನೀವು ಮೊದಲು ಹೋಗಿ ಅತ್ತೆ. ಪ್ರದರ್ಶನ ಒಂದು ಶುರುವಾಗ್ಲಿ, ಹಿಂದೇನೇ ಬರ್ತೀನಿ."

ಅತ್ತೆ ಅವಳನ್ನು ಒಮ್ಮೆ ನೋಡಿದಳು. ಗುಮಾಸ್ತನ ಜೊತೆ ಹೊರಟುಹೋದಳು. ಸೊಸೆ ಈ ಸುದ್ದಿಯನ್ನು ಗ್ಯಾಲರಿಯ ಯಜಮಾನನಿಗೆ ಹೇಳಲಿಲ್ಲ.

ಪ್ರದರ್ಶನದ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಅತ್ತೆಯ ಫೋನು ಬಂತು.

"ಮೈಯೆಲ್ಲ ಚೆನ್ನಾಗಿದೆ ಕಣೇ. ಮುಖ ಮಾತ್ರ ಬೊಬ್ಬೆ. ನೀರಲ್ಲಿ ಸಿಕ್ಕೋನಿಗೆ ಸುಟ್ಟ ಗಾಯ ಎಲ್ಲಿಂದ ಬಂತು ಅಂತ ಡಾಕ್ಟರೇ ಕೇಳ್ತಾರೆ. ಇಲ್ಲಿ ಮಲಗಿದ್ದ ಹಾಗೇ ಪದೇ ಪದೇ ಎದ್ದಿದೆಯಂತೆ. ಈಗ ತುಟಿ ಅಂಟ್ಕೊಂಡಿದೆ, ಮಾತಾಡಕ್ಕೂ ಆಗ್ತಿಲ್ಲ." ಅತ್ತೆ ದನಿ ತಗ್ಗಿಸಿದಳು. "ನೀನು ಆ ಮೇಣ ಮುಟ್ಟಿದ್ಯಾ?"

"ಇಲ್ಲ."

"ದೇವರಾಣೆಗೂ?"

"ಇಲ್ಲ ಅಂದ್ನಲ್ಲ ಅತ್ತೆ. ಹಡಗಿನ ಇಂಜಿನ್ ಸುಟ್ಟಿರತ್ತೆ. ನಿಮಗೆಲ್ಲ ಮಾಟಾನೇ."

"ಮುಟ್ಟಿದ್ರೂ ಬೈಯಲ್ಲ. ಬೆಂಕಿ ಮಾತ್ರ ಹತ್ತಿರ ತಗೊಂಡು ಹೋಗ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಹಿರಿಯರು ಕಾಲಿಗೆ ಬೀಳುತ್ತೇನೆಂದರೆ ಕೇಳಿದವರ ಆಯಸ್ಸು ಕಡಿಮೆಯಾಗುತ್ತದೆಂದು ಹೇಳುತ್ತಾರೆ. ಅವಳಿಗೆ ಅದೂ ಹೆದರಿಕೆ ಹುಟ್ಟಿಸಲಿಲ್ಲ. ಫೋನನ್ನು ಚೀಲಕ್ಕೆ ಹಾಕಿ ಸೀರೆ ಸರಿಮಾಡಿಕೊಂಡಳು.

ಸಂಜೆ ಗ್ಯಾಲರಿ ತುಂಬಿತು. ದೀಪಗಳನ್ನು ತಗ್ಗಿಸಿ ಆ ದೊಡ್ಡ ಮುಖದ ಮೇಲೆ ಒಂದೇ ಬೆಳಕು ಬಿಟ್ಟಿದ್ದರು. ಉಳಿದ ಕತ್ತಲಲ್ಲಿ ಅತ್ತರಿನ ವಾಸನೆ, ಒದ್ದೆ ಕೋಟುಗಳ ವಾಸನೆ, ಪಿಸುಮಾತು. ಜನ ಚಿತ್ರವನ್ನು ನೋಡುತ್ತಿದ್ದರು, ಆಮೇಲೆ ಅವಳನ್ನು ನೋಡುತ್ತಿದ್ದರು, ಆಮೇಲೆ ಧ್ವನಿ ತಗ್ಗಿಸುತ್ತಿದ್ದರು. ಒಬ್ಬಾಕೆ ಅವಳ ಕೈ ಹಿಡಿದು ಅತ್ತೇಬಿಟ್ಟಳು. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ದೊಡ್ಡ ಹೋಟೆಲುಗಳ ಒಡತಿಯೊಬ್ಬಳು ಮುಖದ ಮುಂದೆ ಬಹಳ ಹೊತ್ತು ನಿಂತಳು. "ಇದು ನನಗೆ ಬೇಕು. ಆದರೆ ಮುಖದ ಮೇಲೆ ಏನದು, ಬೂಷ್ಟು ಹಿಡಿದ ಹಾಗೆ?"

ಆ ಕೋಣೆಯ ತಂಪಿಗೆ ಮೇಣದ ಮೇಲೆ ಬಿಳಿಯ ಮಸುಕು ಎದ್ದಿತ್ತು. ಇದು ಮೇಣದ ಸ್ವಭಾವ, ಅದಕ್ಕೆ ಎರಡು ಉಪಾಯಗಳಿವೆ. ಮೆತ್ತನೆಯ ಬಟ್ಟೆಯಿಂದ ತಾಳ್ಮೆಯಾಗಿ ಉಜ್ಜಿದರೆ ಹೋಗುತ್ತದೆ. ಬೆಂಕಿಯನ್ನು ಒಮ್ಮೆ ಸವರಿದರೆ ತಟ್ಟನೆ ಹೋಗುತ್ತದೆ. ಅವಳ ಚೀಲದಲ್ಲಿ ಎರಡೂ ಇದ್ದವು. ಅವಳ ಕೈ ಬಟ್ಟೆಯ ಕಡೆಗೇ ಹೋಯಿತು.

"ಟಾರ್ಚು! ಟಾರ್ಚು ತಗೊಳ್ಳಿ," ಎಂದು ಗ್ಯಾಲರಿಯ ಯಜಮಾನ ಎಲ್ಲರಿಗೂ ಕೇಳುವಂತೆ ಹೇಳಿದ. "ಜನ ನೋಡ್ಲಿ. ಬಟ್ಟೆಯಲ್ಲಿ ಒರೆಸೋದನ್ನ ಮನೇಲೂ ನೋಡ್ತಾರೆ."

ಸುತ್ತಲೂ ನಗು. ಜನ ವೃತ್ತವಾಗಿ ಸರಿದು ನಿಂತರು. ಕಾಲಿಗೆ ಬೀಳುತ್ತೇನೆಂದ ದನಿ ಒಮ್ಮೆ ನೆನಪಾಯಿತು. ಅವಳು ಬಟ್ಟೆ ಬಿಟ್ಟಳು. ಟಾರ್ಚು ಹಚ್ಚಿದಳು.

ಬುಸ್ಸೆಂದು ನೀಲಿ ನಾಲಿಗೆ ಎದ್ದಿತು. ಹಣೆಯ ಮೇಲೆ ಸವರಿದಳು. ಮಸುಕು ಸರಿಯಿತು. ಕೆನ್ನೆಯ ಮೇಲೆ ಸವರಿದಳು. ಚರ್ಮ ಹೊಳೆಯಿತು. ಯಾರೋ "ಆಹಾ" ಎಂದರು. ಚಪ್ಪಾಳೆ. ತುಟಿಯ ಹತ್ತಿರ ಹಿಡಿದಳು. ತುಟಿಯ ಮೇಲೊಂದು ಗುಳ್ಳೆ ಎದ್ದಿತು. ಒಡೆಯಿತು. ವಾಸನೆ ಬಂತು. ಕೂದಲಿನದಲ್ಲ. ಮೇಣದ್ದೂ ಅಲ್ಲ. ಮಾಂಸದ್ದು.

ಟಾರ್ಚು ಆರಿಸಿದಳು.

ಮೇಣ ನಿಲ್ಲಲಿಲ್ಲ. ಕರಗುತ್ತಲೇ ಇತ್ತು. ಹುಬ್ಬು ಜಾರಿತು. ಕೆನ್ನೆ ಜಾರಿತು. ಫೋಟೊದಲ್ಲಿ ಪಕ್ಕಕ್ಕೆ ನೋಡುತ್ತಿದ್ದ ಕಣ್ಣು ಈಗ ಅವಳನ್ನೇ ನೋಡಿತು. ಅವಳು ಎರಡೂ ಅಂಗೈಯನ್ನು ಮುಖಕ್ಕೆ ಒತ್ತಿ ಹಿಡಿದಳು. ಕೈ ಸುಟ್ಟಿತು. ಬಿಡಲಿಲ್ಲ. ಅಂಗೈಯ ಕೆಳಗೆ ದವಡೆ ಅಲುಗಿತು. ಬಾಯಿ ತೆರೆಯಲು ಹೆಣಗಿತು. ಬಿಸಿ ಉಸಿರು ಬೆರಳಿನ ಸಂದಿಯಿಂದ ಹೊರಬಂತು. ಹಿಂದೆ ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

ಅವಳ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಗ್ಯಾಲರಿಯ ಯಜಮಾನ ತೆಗೆದು ಅವಳ ಕಿವಿಗೆ ಹಿಡಿದ.

"ಅಯ್ಯೋ, ನಿಲ್ಸೇ! ಅವನ ಮುಖ..." ಅತ್ತೆಯ ಕೂಗು. ಅದರ ಹಿಂದೆ ಪಾತ್ರೆ ಬಿದ್ದ ಸದ್ದು, ಓಡುವ ಕಾಲುಗಳ ಸದ್ದು. ಅದೆಲ್ಲದರ ನಡುವೆ, ಅಂಟಿದ ತುಟಿಯನ್ನು ಹರಿದುಕೊಂಡು ಬಂದಂಥ ಗಂಡನ ದನಿ.

"ಸಾಕು ಕಣೇ."

ಆಮೇಲೆ ಅಲ್ಲಿ ಯಾರೂ ಮಾತಾಡಲಿಲ್ಲ. ಇಲ್ಲಿ ಮೇಣ ತಣ್ಣಗಾಗಿ ಗಟ್ಟಿಯಾಯಿತು.

ಅಂಗೈಗಳನ್ನು ಬಿಡಿಸಿದಾಗ ಚರ್ಮ ಮುಖದ ಮೇಲೇ ಉಳಿಯಿತು. ಹೋಟೆಲಿನ ಒಡತಿ ಕಣ್ಣರಳಿಸಿ, "ಹೀಗೇ ಇರ್ಲಿ, ಕೈಗುರುತಿನ ಸಮೇತ ತಗೋತೀನಿ," ಎಂದಳು. ಕೊಡುವುದಿಲ್ಲ, ಕೊಡುವುದಿಲ್ಲ ಎಂದು ಮೇಣದಮ್ಮ ನೆಲದ ಮೇಲೆ ಹೊರಳಿದಳು. ಯಜಮಾನ ಅವಳನ್ನು ಎಬ್ಬಿಸಿ ಕೂರಿಸಿ, ದುಃಖ ನೆತ್ತಿಗೇರಿದೆ ಪಾಪ ಎಂದು ಎಲ್ಲರಿಗೂ ಹೇಳಿ, ಚಿತ್ರದ ಪಕ್ಕದಲ್ಲಿ ಮಾರಾಟವಾಯಿತೆಂಬ ಕೆಂಪು ಚುಕ್ಕೆ ಅಂಟಿಸಿದ. ಚಿತ್ರ ಕಡಲಾಚೆಗೆ ಹೋಯಿತು.

ಮಗನನ್ನು ತಾಯಿ ಮಣ್ಣಿಗೆ ಕೊಟ್ಟಳು. ಬೆಂಕಿ ಕಂಡದ್ದು ಸಾಕು ಎಂದಳು. ಮುಖದ ಬಟ್ಟೆ ತೆಗೆಯಲು ಯಾರಿಗೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಸೊಸೆಯ ಎದುರು ಕುಳಿತು ಒಮ್ಮೆ ಕೇಳಿದಳು: "ಮುಟ್ಟಿದ್ಯಾ?"

"ಮುಟ್ಟಿದೆ ಅತ್ತೆ."

ಅತ್ತೆ ಹೊಡೆಯಲಿಲ್ಲ, ಶಪಿಸಲಿಲ್ಲ. ಸುಟ್ಟ ಅಂಗೈಗಳಿಗೆ ಎಣ್ಣೆ ಸವರಿ ಬಟ್ಟೆ ಕಟ್ಟಿದಳು. ಹೊಡೆದಿದ್ದರೆ ಸೊಸೆಗೆ ಒಂದಿಷ್ಟು ನಿದ್ದೆ ಬರುತ್ತಿತ್ತೇನೋ.

ಚಳಿಗಾಲ ಬಂದಾಗ ಗ್ಯಾಲರಿಯ ಯಜಮಾನ ಫೋನು ಮಾಡಿದ. ಮೊದಲು ಅವಳ ಆರೋಗ್ಯ ಕೇಳಿದ. "ನಿಮ್ಮ ಚಿತ್ರಾನ ಹೋಟೆಲಿನ ಊಟದ ಕೋಣೆಯಲ್ಲಿ, ಚಳಿಗೆ ಬೆಂಕಿ ಹಾಕೋ ಒಲೆ ಗೂಡಿನ ಮೇಲೆ ಹಾಕಿದ್ದಾರಂತೆ. ಬಂದೋರೆಲ್ಲ ಅದರ ಮುಂದೇನೇ ಕೂತ್ಕೋತಾರಂತೆ. ಒಂದೇ ತೊಂದರೆ, ಬೆಂಕಿ ಹಾಕಿದಾಗಲೆಲ್ಲ ಅದು ಬೆವರತ್ತಂತೆ. ಬಾಯಿ ಸ್ವಲ್ಪ ತೆರೆದ ಹಾಗೂ ಕಾಣತ್ತಂತೆ. ಅದಕ್ಕೇನು ಮಾಡ್ಬೇಕು ಅಂತ ಕೇಳ್ತಿದ್ದಾರೆ."

ಕೆಳಗಿಳಿಸಿ, ತಂಪಿನಲ್ಲಿಡಿ ಎಂದು ಅವಳು ಅತ್ತು ಬೇಡಿದಳು. ಕೇಳಿ ನೋಡುತ್ತೇನೆ ಎಂದ. ಹೋಟೆಲಿನವರು ಒಪ್ಪಲಿಲ್ಲ. ಬೆವರುವುದನ್ನು ನೋಡಲೆಂದೇ ಈಗ ಜನ ಬರುತ್ತಿದ್ದರು.

ಅತ್ತೆಗೆ ಎಲ್ಲವೂ ಕೇಳಿಸಿತ್ತು. ಅವಳು ದೇವರ ಮುಂದಿದ್ದ ದೀಪವನ್ನು ಆರಿಸಿ, ಕತ್ತಲಲ್ಲೇ ಕೈಮುಗಿದು ಕುಳಿತಳು. ಬಾಗಿಲಾಚೆ ಸೊಸೆ ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು.

"ದೇವರೇ, ನನ್ನ ಮಗ ಮಣ್ಣಲ್ಲೂ ಇದ್ದಾನೆ, ಆ ಗೋಡೆ ಮೇಲೂ ಇದ್ದಾನೆ. ಎರಡು ಕಡೆ ಇಡಬೇಡಪ್ಪ, ಒಂದು ಮಾಡು. ನೀರಿಂದ ಎತ್ತಿ ಕೊಟ್ಟೋನು ನೀನು, ಬೆಂಕಿಯಿಂದ ಇಳಿಸೋಕೆ ಆಗದಾ? ಆ ಊರಿಗೆ ಇಷ್ಟು ಗಾಳಿ ಕಳಿಸು, ಆ ಒಲೆ ಹತ್ತದ ಹಾಗೆ ಮಾಡು. ಅವನಿಗೆ ತಂಪು ಕೊಡು. ನಿದ್ದೆ ಕೊಡು. ನನ್ನ ಕಂದನ ಜೀವಕ್ಕೆ ಶಾಂತಿ ಕೊಡು ತಂದೆ, ಶಾಂತಿ ಕೊಡು."