ಅವಳಿಗೊಂದು ಉದ್ದನೆಯ ವಿಶಲ್

ತುಮಕೂರಿಗೆ ಹೊರಟಿದ್ದ ಬಸ್ಸಿಗಾಗಿ ನೇತ್ರಾವತಿ ಗುಬ್ಬಿಯಲ್ಲಿ ಓಡೋಡಿ ಬಂದಳು. ಕಂಡಕ್ಟರ್ ಮುತ್ತುರಾಜ ವಿಶಲ್ ಊದಲಿಲ್ಲ. ತಗಡಿಗೆ ಪಟಪಟ ಬಡಿದು ಬಸ್ಸು ನಿಲ್ಲಿಸಿದ. ಅವಳ ಮೈಯೆಲ್ಲ ಉರಿದುಹೋಯಿತು.

ಕೋವಿಡ್‌ಗೆ ಮುಂಚೆ ಹೀಗಿರಲಿಲ್ಲ. ನಿಲ್ಲಿಸಲು ಒಂದು ವಿಶಲ್, ಹೊರಡಲು ಎರಡು. ಎಲ್ಲರಿಗೂ ಗಿಡ್ಡದ್ದು, ಟೈಲರಿಂಗ್ ಅಂಗಡಿಗೆ ಹೋಗುವ ಇವಳಿಗೆ ಮಾತ್ರ ಉದ್ದನೆಯದು, ಬಾಲ ಎಳೆದು. ಡ್ರೈವರ್ ಅಡವಿಯಪ್ಪ ಕನ್ನಡಿಯಲ್ಲಿ ನೋಡಿ ಮೀಸೆಯಡಿ ನಗುತ್ತಿದ್ದ. ಅವಳೂ ಮುತ್ತುರಾಜನೂ ಬಾಯಿಬಿಟ್ಟು ಏನೂ ಹೇಳಿಕೊಂಡಿರಲಿಲ್ಲ.

ಆಮೇಲೆ ಕೋವಿಡ್ ತಗುಲಿ ಮುತ್ತುರಾಜ ಆಸ್ಪತ್ರೆ ಸೇರಿದ. ತಿಂಗಳುಗಟ್ಟಲೆ ಫೋನ್ ಎತ್ತಲಿಲ್ಲ. ಈಗ ಡ್ಯೂಟಿಗೆ ಬಂದರೂ ಮುಖ ಕೊಟ್ಟು ಮಾತಿಲ್ಲ. ಅವನೂರು ಕುಣಿಗಲ್ ಕಡೆ ಹೆಣ್ಣು ಗೊತ್ತಾಗಿರಬೇಕು ಎಂದು ಅವಳೇ ತೀರ್ಮಾನಿಸಿಬಿಟ್ಟಳು.

ತುಮಕೂರಿನಲ್ಲಿ ಜನ ಇಳಿದರೂ ಅವಳು ಏಳಲಿಲ್ಲ.

"ಯಾರ್ಲಾ ಅವ್ಳು?" ಎಂದು ಮುತ್ತುರಾಜನನ್ನೇ ಕೇಳಿದಳು.

"ಯಾರೂ ಇಲ್ಲ... ಕಣೇ." ಅಷ್ಟು ಹೇಳಲು ನಡುವೆ ಉಸಿರು ಎಳೆದುಕೊಂಡ. ಅವನ ಕತ್ತಿನ ನರ ಉಬ್ಬಿದ್ದನ್ನು ಅವಳು ಆಗ ನೋಡಿದಳು.

ಕಂಬಿ ಹಿಡಿದು ನಿಧಾನಕ್ಕೆ ಹೇಳಿದ. ಕಾಯಿಲೆ ಶ್ವಾಸಕೋಶಕ್ಕೆ ಇಳಿದಿತ್ತು. ಒಳಗಿನ ಪುಟ್ಟ ಪುಟ್ಟ ಗಾಳಿಗೂಡುಗಳು ಊದಿಕೊಂಡು ನೀರು ತುಂಬಿದ್ದವು. ಕವುಚಿ ಮಲಗಿಸಿ, ಆಕ್ಸಿಜನ್ ಕೊಟ್ಟು ಉಳಿಸಿದರು. ನೀರೇನೋ ಇಳಿಯಿತು, ಆದರೆ ಗಾಯ ಮಾಗಿದ ಕಡೆಯೆಲ್ಲ ಗೂಡಿನ ಗೋಡೆ ಗಟ್ಟಿಯಾಯಿತು. ಅಲ್ಲಿ ಶ್ವಾಸಕೋಶ ಹಿಗ್ಗುವುದಿಲ್ಲ, ಆಕ್ಸಿಜನ್ ರಕ್ತಕ್ಕೆ ಸರಿಯಾಗಿ ದಾಟುವುದಿಲ್ಲ. ಸುಧಾರಿಸಬಹುದು, ಪೂರ್ತಿ ಸರಿಹೋಗದೆಯೂ ಇರಬಹುದು ಎಂದಿದ್ದರು ಡಾಕ್ಟರು.

"ಕಾಲರ್ ಗಟ್ಟಿಯಾಗ್ಲಿ ಅಂತ ಒಳಗೆ ಕ್ಯಾನ್ವಾಸ್ ಇಟ್ಟಂಗೆ," ಎಂದಳು ನೇತ್ರಾವತಿ, ಮೆಲ್ಲಗೆ.

"ಹೂಂ, ಹಂಗೇ. ಅರ್ಧ ಉಸ್ರಿನೋನ್ನ ಕಟ್ಕೊಂಡು ನೀನೇನ್ ಮಾಡ್ತೀಯಾ? ಬುಟ್ಬುಡು ನನ್ನ."

ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಸಿಟ್ಟೇ ಗೆದ್ದಿತು. "ಕಟ್ಕೊಳೋದು ಬುಡೋದು ನಾನ್ ಹೇಳ್ತೀನಿ. ಫೋನ್ ಎತ್ತಕ್ಕೂ ಉಸ್ರು ಬೇಕಾಗಿತ್ತೇನ್ಲಾ?"

ಅವಳು ಅವನ ಜೇಬಿಗೆ ಕೈ ಹಾಕಿ ವಿಶಲ್ ಎಳೆದುಕೊಂಡಳು.

"ಅದು ನನ್ನ ಎಂಜಲು ಕಣೇ."

"ಗೊತ್ತು," ಎಂದು ಅವನ ಕಣ್ಣನ್ನೇ ನೋಡುತ್ತ ತುಟಿಗಿಟ್ಟಳು. ಊದಿದಳು. ಉದ್ದಕ್ಕೆ, ಬಾಲ ಎಳೆದು. ಮುತ್ತುರಾಜನ ಕಿವಿ ಕೆಂಪಾಯಿತು.

ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಿದ್ದೆ ನಟಿಸುತ್ತಿದ್ದ ಅಡವಿಯಪ್ಪ ತಿರುಗದೆಯೇ ಹೇಳಿದ: "ನಿಂತಿರೋ ಬಸ್ನ ಇನ್ನೆಲ್ಲವ್ವಾ ನಿಲ್ಸೋದು? ಹೊರಡ್ಬೇಕಂದ್ರೆ ಇನ್ನೊಂದು ಬೇಕು."

ಅವಳು ಊದಲಿಲ್ಲ. ವಿಶಲನ್ನು ಮುತ್ತುರಾಜನ ಮುಂದೆ ಹಿಡಿದಳು. ಅವನು ಬಾಗಿ, ಅವಳ ಕೈಯಿಂದಲೇ ಬಾಯಿಗೆ ತೆಗೆದುಕೊಂಡ. ಬಂದದ್ದು ಗುಬ್ಬಚ್ಚಿ ಕೂಗಿದಷ್ಟು ಸದ್ದು.

ಅಡವಿಯಪ್ಪ ಗೇರ್ ಹಾಕಿದ. ಅಂಗಡಿಗೆ ಹೋಗಬೇಕಾದವಳು ಕಂಡಕ್ಟರ್ ಸೀಟಿನ ಪಕ್ಕದಲ್ಲಿ ಕೂತು ಗುಬ್ಬಿಗೇ ವಾಪಸು ಹೊರಟಳು.