ಗೋಡೆಯಾಚೆ ಬಿದ್ದ ಚೆಂಡು

ಇದನ್ನು ಕೇಳಿದವರೆಲ್ಲ ನನಗಾಗ ಜ್ವರವಿತ್ತೇ ಎನ್ನುತ್ತಾರೆ. ಇರಲಿಲ್ಲ.

ಕೊಕ್ಕರ್ಣೆಯ ಹತ್ತಿರ ಎರಡು ಊರಿಗೂ ಸೇರಿ ಒಂದೇ ಆಟದ ಬಯಲಿತ್ತು. ಎರಡೂ ಕಡೆಯವರು ಅಲ್ಲೇ ವಾಲಿಬಾಲ್ ಆಡುತ್ತಿದ್ದೆವು. ೧೯೬೭ರಲ್ಲಿ ಗಡಿಯ ತಕರಾರೆದ್ದು, ಆಚೆ ಊರಿನ ಜಮೀನ್ದಾರರು ಬಯಲಿನ ನಟ್ಟನಡುವೆ ಕೆಂಪುಕಲ್ಲಿನ ಗೋಡೆ ಎಬ್ಬಿಸಿದರು. ಅದು ಆಳೆತ್ತರ ದಾಟಿದ ಮೇಲೆ ಆಚೆಯದೇನೂ ಕಾಣಲಿಲ್ಲ. ಉಳಿದ ಅರ್ಧದಲ್ಲೇ ನಾವು ಆಡಿಕೊಂಡೆವು.

ಚೆಂಡು ಆಚೆ ಬಿದ್ದರೆ, "ಹ್ವಾಯ್, ಹಿಡ್ಕಣಿ!" ಎಂಬ ಕೂಗಿನೊಂದಿಗೆ ತಿರುಗಿ ಬರುತ್ತಿತ್ತು. ದನಿ ಆಚೆ ಊರಿನ ಕುಷ್ಟನದು. ಮೊದಲು ನಮ್ಮ ಜೊತೆ ಆಡುತ್ತಿದ್ದವನು. ಜಮೀನ್ದಾರರ ಕಣ್ಣು ತಪ್ಪಿಸಿ ಎಸೆಯುತ್ತಾನೆ ಅಂದುಕೊಂಡೆವು. ಆದರೆ ಚೆಂಡು ಪ್ರತಿ ಸಲವೂ ಒದ್ದೆಯಾಗಿರುತ್ತಿತ್ತು, ಮಾರ್ಚ್ ಬಿಸಿಲಲ್ಲೂ ಬೆರಳು ಮರಗಟ್ಟುವಷ್ಟು ತಣ್ಣಗೆ.

ಕುಷ್ಟನನ್ನು ಮಾತಾಡಿಸೋಣವೆಂದು ಒಂದು ಸಂಜೆ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ಬಳಸಿ ಹೋದೆ. ಆಚೆ ಬಯಲೇ ಇರಲಿಲ್ಲ. ಗೋಡೆಯ ಕಲ್ಲನ್ನೆಲ್ಲ ಅಲ್ಲಿಂದಲೇ ಕಡಿದಿದ್ದರು. ಗೋಡೆಯ ಬುಡದಿಂದಲೇ ಆಳವಾದ ಹೊಂಡ, ಅದರ ತುಂಬ ಹಸಿರು ನೀರು.

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಆಚೆ ಊರಿನ ಗುಲಾಬಿಯನ್ನು ಕೇಳಿದರೆ ನಕ್ಕಳು. "ಕುಷ್ಟನಾ? ಅಂವ ಬೊಂಬಾಯಿ ಹೋಟ್ಲಿಗ್ ಸೇರಿ ವರ್ಷ ಆಯ್ತ್. ಆ ಗೋಡೆ ಬದಿಗ್ ನಿಂತ್ಕಂಬುಕೆ ಜಾಗ ಎಲ್ಲಿತ್ತ್ ಮಾರಾಯ್ರೆ?"

ತಿರುಗಿ ನಮ್ಮ ಬಯಲಿಗೆ ಬಂದಾಗ ಯಾರೂ ಇರಲಿಲ್ಲ. ಗೋಡೆಯಾಚೆಯಿಂದ ಅದೇ ದನಿ ಕೂಗಿತು: "ಹ್ವಾಯ್, ಇವತ್ತ್ ಆಡುದಿಲ್ಯಾ? ಚೆಂಡ್ ಹಾಕಿ."

ಯಾಕೆಂದು ತಿಳಿಯದೆ ಎಸೆದುಬಿಟ್ಟೆ. ಚೆಂಡು ಗೋಡೆ ದಾಟಿತು. ಕಿವಿಗೊಟ್ಟು ನಿಂತೆ. ನೀರಿಗೆ ಬಿದ್ದ ಸದ್ದು ಬರಲೇ ಇಲ್ಲ.